ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಮ್ಯಾಜಿಕ್ ಆಡೋರು ಯಾವಾಗ ಯಾವ ಸ್ಟಾಫ್ ಹಿಡೀಬೇಕು

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮ್‌ಗೆ ಹೊಸದಾಗಿ ಬಂದು ಮ್ಯಾಜಿಕ್ ಕಡೆ ಹೋಗ್ಬೇಕು ಅಂತಿರೋರು ಮೊದಲು ಕೇಳೋ ಪ್ರಶ್ನೆ ಒಂದೇ, ಯಾವ ಸ್ಟಾಫ್ ಜಾಸ್ತಿ ಹೊಡೆಯತ್ತೆ ಅಂತ. ಕತ್ತಿ, ಬಿಲ್ಲು ಹಿಡಿದು ಆಡೋರು ಹಿಂಗೆ ಕೇಳಿದ್ರೆ ಸರಿ, ಅವರಿಗೆ ಆಯುಧ ಬದಲಾದ್ರೆ ಏಟೂ ಬದಲಾಗತ್ತೆ. ಮ್ಯಾಜಿಕ್‌ನಲ್ಲಿ ಏಟು ಎಷ್ಟು ಅಂತ ತೀರ್ಮಾನ ಮಾಡೋದು ಬಹುಪಾಲು ನೀವು ಹಾಕೋ ಸ್ಪೆಲ್ಲು (ಮಂತ್ರ), ಕೈಯಲ್ಲಿರೋ ಕೋಲು ಮಾಡೋ ಕೆಲಸಾನೇ ಬೇರೆ. ಇದು ತಲೆಗೆ ಹೋದ್ರೆ ಅರ್ಧ ದುಡ್ಡು ಉಳಿಯತ್ತೆ, ಯಾಕಂದ್ರೆ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ (ಆಟಗಾರರು ಸಾಮಾನು ಕೊಂಡು ಮಾರೋ ಮಾರುಕಟ್ಟೆ) ಹೊಳೆಯೋ ಸ್ಟಾಫ್ ನೋಡಿ ಇರೋ ಕಾಯಿನ್ಸೆಲ್ಲ ಸುರಿದು ಆಮೇಲೆ ರೂನ್, ಅಂದ್ರೆ ಸ್ಪೆಲ್ ಹಾಕಿದಾಗೆಲ್ಲ ಖರ್ಚಾಗೋ ಕಲ್ಲು, ತಗೊಳಕ್ಕೆ ದುಡ್ಡಿಲ್ಲದೆ ಕೂರೋರು ಬೇಜಾನ್ ಜನ ಇದ್ದಾರೆ.

ಈ ಗೇಮ್ 2013ರ ಫೆಬ್ರವರೀಲಿ ಶುರುವಾಯ್ತು, 2018ರಲ್ಲಿ ಮೊಬೈಲ್‌ಗೂ ಬಂತು, ಅದೇ ಅಕೌಂಟ್ ಪೀಸೀಲೂ ಫೋನಲ್ಲೂ ನಡೆಯತ್ತೆ. ಇನ್ನೊಂದು ಒಳ್ಳೇದೇನಂದ್ರೆ ಇಡೀ ಗೇಮ್ 0.6 ಸೆಕೆಂಡಿನ ಟಿಕ್ ಮೇಲೆ ಓಡತ್ತೆ, ಅಂದ್ರೆ ಪ್ರತಿ 0.6 ಸೆಕೆಂಡಿಗೆ ಒಂದ್ಸಲ ಮಾತ್ರ ಸರ್ವರ್ ಲೆಕ್ಕ ಹಾಕೋದು, ಹಂಗಾಗಿ ನಮ್ಮ ಕಡೆಯಿಂದ ದೂರದ ಸರ್ವರ್‌ಗೆ ಪಿಂಗ್ ಸ್ವಲ್ಪ ಜಾಸ್ತಿ ಬಂದ್ರೂ ಶೂಟಿಂಗ್ ಗೇಮ್ ತರ ಒದ್ದಾಟ ಇರಲ್ಲ. ಈ ಟಿಕ್ ಲೆಕ್ಕ ಮುಂದೆ ಟ್ರೈಡೆಂಟ್ ವಿಷ್ಯ ಬಂದಾಗ ಬೇಕಾಗತ್ತೆ, ನೆನಪಿಟ್ಕೊಳಿ.

ಮೊದಲು ಸ್ಟಾಫ್ ಏನ್ ಮಾಡತ್ತೆ ಅಂತ ತಿಳ್ಕೊಳಿ

ಸ್ಟಾಫ್ ಮುಖ್ಯವಾಗಿ ಮೂರು ಕೆಲಸ ಮಾಡತ್ತೆ. ಒಂದು, ರೂನ್ ಉಳಿಸತ್ತೆ. ಸ್ಟಾಫ್ ಆಫ್ ಏರ್ ಹಿಡಿದಿದ್ರೆ ಏರ್ ರೂನ್ ಖರ್ಚೇ ಆಗಲ್ಲ, ಫೈರ್ ಹಿಡಿದ್ರೆ ಫೈರ್ ರೂನ್ ಆಗಲ್ಲ, ವಾಟರ್, ಅರ್ಥ್ ಎರಡೂ ಹಂಗೇ. ಎರಡು, ಮ್ಯಾಜಿಕ್ ಅಟ್ಯಾಕ್ ಬೋನಸ್ ಕೊಡತ್ತೆ, ಇದು ಬರೀ ಅಕ್ಯುರೆಸಿ, ಏಟು ತಾಗೋ ಚಾನ್ಸ್ ಹೆಚ್ಚಾಗತ್ತೆ ಅಷ್ಟೇ, ಏಟಿನ ಜೋರು ಹೆಚ್ಚಾಗಲ್ಲ. ಮೂರು, ಆಟೋಕಾಸ್ಟ್. ಸ್ಟಾಫ್ ಇಲ್ದೇ ಇದ್ರೆ ಪ್ರತಿ ಸಲ ಸ್ಪೆಲ್ ಒತ್ತಿ ಆಮೇಲೆ ಮಾನ್ಸ್ಟರ್ ಒತ್ತಬೇಕು, ಫೋನಲ್ಲಂತೂ ಹತ್ತು ನಿಮಿಷಕ್ಕೆ ಬೆರಳು ಸೋತೋಗತ್ತೆ, ಸ್ಟಾಫ್ ಇದ್ರೆ ಒಂದ್ಸಲ ಸೆಟ್ ಮಾಡಿಟ್ರೆ ಅದೇ ಹಾಕ್ತಾ ಇರತ್ತೆ.

ಏಟಿನ ಜೋರು ಹೆಚ್ಚು ಮಾಡೋಕೆ ಮ್ಯಾಜಿಕ್ ಡ್ಯಾಮೇಜ್ ಪರ್ಸೆಂಟ್ ಅಂತ ಬೇರೆನೇ ಒಂದು ಬೋನಸ್ ಇದೆ, ಅದು ದುಬಾರಿ ಸ್ಟಾಫ್‌ಗಳಲ್ಲಿ ಮತ್ತೆ ಕೆಲವು ಬಟ್ಟೆ, ಸರದಲ್ಲಿ ಮಾತ್ರ ಸಿಗೋದು. ಹಂಗಾಗಿ ಯಾವ್ದಾದ್ರೂ ಸ್ಟಾಫ್ ತಗೊಳೋ ಮುಂಚೆ ಅದರ ಹೆಸರು, ಬಣ್ಣ ಬಿಟ್ಟು ಇಷ್ಟು ನೋಡಿ: ಯಾವ ರೂನ್ ಉಳಿಸತ್ತೆ, ನಾನು ಹಾಕೋ ಸ್ಪೆಲ್ಲನ್ನ ಆಟೋಕಾಸ್ಟ್ ಮಾಡತ್ತಾ, ಹಿಡಿಯೋಕೆ ಅಟ್ಯಾಕ್ ಲೆವೆಲ್ ಕೇಳತ್ತಾ. ಕೊನೇದನ್ನ ಜನ ನೋಡೋದೇ ಇಲ್ಲ, ಅದರ ಬಗ್ಗೆ ಮುಂದೆ ಹೇಳ್ತೀನಿ.

ಲೆವೆಲ್ 1ರಿಂದ 13: ಸ್ಟಾಫ್ ಆಫ್ ಏರ್ ಸಾಕು

ವ್ಯಾರಕ್ ಅನ್ನೋ ಊರಲ್ಲಿ ಝಾಫ್ ಅಂತ ಒಬ್ಬ ಸ್ಟಾಫ್ ಅಂಗಡಿ ಇಟ್ಕೊಂಡಿದ್ದಾನೆ, ಅವನ ಹತ್ರ ಸ್ಟಾಫ್ ಆಫ್ ಏರ್ 1,500 ಕಾಯಿನ್ಸ್. ಗ್ರ್ಯಾಂಡ್ ಎಕ್ಸ್‌ಚೇಂಜ್ ಅದೇ ಊರಲ್ಲಿದೆ, ಅಲ್ಲಿ ಏನು ರೇಟ್ ಇದೆ ನೋಡಿ, ಕಮ್ಮಿ ಇದ್ರೆ ಅಲ್ಲೇ ತಗೊಳಿ. ರೂನ್ ಬೇಕಂದ್ರೆ ಅದೇ ಊರಿನ ಆಗ್ನೇಯ ಮೂಲೇಲಿ ಆಬರಿ ಅಂಗಡಿ ಇದೆ.

ಆ ದುಡ್ಡೂ ಇಲ್ಲ ಅಂದ್ರೆ ಮೊದಲು ಎರಡು ಸಣ್ಣ ಕ್ವೆಸ್ಟ್ ಮುಗಿಸಿ. ವಿಚಸ್ ಪೋಷನ್ 325 ಎಕ್ಸ್‌ಪಿ (ಲೆವೆಲ್ ಏರಿಸೋ ಅಂಕ) ಕೊಡತ್ತೆ, ಇಂಪ್ ಕ್ಯಾಚರ್ 875, ಎರಡೂ ಸೇರಿ 1,200, ಒಂದೂ ಸ್ಪೆಲ್ ಹಾಕ್ದೇ ಸೀದಾ ಲೆವೆಲ್ 10ಕ್ಕೆ ಹೋಗ್ತೀರ. ಇಂಪ್ ಕ್ಯಾಚರ್‌ಗೆ ಕೆಂಪು, ಹಳದಿ, ಕಪ್ಪು, ಬಿಳಿ ಹಿಂಗೆ ನಾಲ್ಕು ಮಣಿ ಬೇಕು, ಇಂಪ್‌ಗಳನ್ನ ಹೊಡೀತಾ ಕೂತ್ರೆ ನಾಲ್ಕನೇ ಮಣಿ ಯಾವಾಗ ಬೀಳತ್ತೋ ದೇವರಿಗೇ ಗೊತ್ತು, ಎಕ್ಸ್‌ಚೇಂಜ್‌ನಲ್ಲಿ ಕೊಂಡು ಮುಗಿಸೋದೇ ವಾಸಿ.

ಈಗ ಒಂದು ಮುಖ್ಯ ವಿಷ್ಯ. 2024ರಲ್ಲಿ ಮ್ಯಾಜಿಕ್‌ಗೆ ದೊಡ್ಡ ಬದಲಾವಣೆ ಮಾಡಿದ್ರು, ಅದಕ್ಕಿಂತ ಹಳೇ ವಿಡಿಯೋ ನೋಡಿ ಆಡ್ತಿರೋರು ಈಗ್ಲೂ ಲೆವೆಲ್ 13 ಆದ ತಕ್ಷಣ ಸ್ಟಾಫ್ ಆಫ್ ಫೈರ್‌ಗೆ ಓಡ್ತಾರೆ. ಮುಂಚೆ ವಿಂಡ್ ಸ್ಟ್ರೈಕ್ ಜೀವಮಾನವೆಲ್ಲ ಜಾಸ್ತಿ ಅಂದ್ರೆ 2 ಹೊಡೀತಿತ್ತು, ಫೈರ್ ಸ್ಟ್ರೈಕ್ 8 ಹೊಡೀತಿತ್ತು, ಅದಕ್ಕೆ ಓಡೋದು ಸರಿಯಾಗಿತ್ತು. ಈಗ ಒಂದು ದರ್ಜೇಲಿ (ಸ್ಟ್ರೈಕ್, ಬೋಲ್ಟ್, ಬ್ಲಾಸ್ಟ್ ಹಿಂಗೆ ದರ್ಜೆಗಳು) ಮುಂದಿನ ಸ್ಪೆಲ್ ಸಿಕ್ಕಂಗೆ ಹಿಂದಿನವೂ ಅದೇ ಮಟ್ಟಕ್ಕೆ ಏರ್ತವೆ, ಅಂದ್ರೆ ಲೆವೆಲ್ 13ರಲ್ಲಿ ನಿಮ್ಮ ವಿಂಡ್ ಸ್ಟ್ರೈಕ್ ಕೂಡ 8 ಹೊಡೆಯತ್ತೆ. ಖರ್ಚು ನೋಡಿ: ವಿಂಡ್ ಸ್ಟ್ರೈಕ್‌ಗೆ 1 ಏರ್, 1 ಮೈಂಡ್ ರೂನ್. ಏರ್ ಸ್ಟಾಫ್ ಕೈಯಲ್ಲಿದ್ರೆ ಬರೀ ಒಂದು ಮೈಂಡ್ ರೂನಿಗೆ ಕೆಲಸ ಮುಗೀತು. ಫೈರ್ ಸ್ಟ್ರೈಕ್‌ಗೆ 3 ಫೈರ್, 2 ಏರ್, 1 ಮೈಂಡ್, ಫೈರ್ ಸ್ಟಾಫ್ ಇದ್ರೂ ಎರಡು ಏರ್ ರೂನ್ ಕೈಯಿಂದ ಹಾಕ್ಬೇಕು.

ಮೇಲಿನ ದರ್ಜೆಗೂ ಇದೇ ಲೆಕ್ಕ. ವಿಂಡ್ ಬೋಲ್ಟ್‌ಗೆ ಕೇಯಾಸ್ ರೂನ್ ಒಂದೇ, ವಿಂಡ್ ಬ್ಲಾಸ್ಟ್‌ಗೆ ಡೆತ್ ರೂನ್ ಒಂದೇ, ಏರ್ ಎಲ್ಲಾ ಸ್ಟಾಫ್ ನೋಡ್ಕೊಳತ್ತೆ. ಹಂಗಂತ ಫೈರ್ ಪೂರ್ತಿ ವೇಸ್ಟ್ ಏನಲ್ಲ, ಸ್ಪೆಲ್ ಹಾಕಿದ್ದಕ್ಕೇ ಸಿಗೋ ಎಕ್ಸ್‌ಪಿ ಅದರಲ್ಲಿ ಜಾಸ್ತಿ, ವಿಂಡ್ ಸ್ಟ್ರೈಕ್‌ಗೆ 5.5 ಆದ್ರೆ ಫೈರ್ ಸ್ಟ್ರೈಕ್‌ಗೆ 11.5. ದುಡ್ಡಿದೆ, ಲೆವೆಲ್ ಬೇಗ ಬೇಕು ಅನ್ನೋರಿಗೆ ಫೈರ್, ಕಿಸೆ ಖಾಲಿ ಅನ್ನೋರಿಗೆ ಏರ್.

ಬಟ್ಟೆ ನೋಡ್ಕೊಳಿ, ಇಲ್ಲಾಂದ್ರೆ ಸ್ಟಾಫ್ ಹಿಡಿದೂ ದಂಡ

ಸ್ಟಾಫ್ ಬಗ್ಗೆ ಬರಿಯೋವಾಗ ಬಟ್ಟೆ ಯಾಕೆ ಅಂದ್ರೆ, ಸಾದಾ ಎಲಿಮೆಂಟ್ ಸ್ಟಾಫ್ (ಏರ್, ವಾಟರ್, ಅರ್ಥ್, ಫೈರ್) ಕೊಡೋ ಅಕ್ಯುರೆಸಿ ಬರೀ ಪ್ಲಸ್ 10. ರೂನ್ ಪ್ಲೇಟ್‌ಬಾಡಿ ಹಾಕೊಂಡ್ರೆ ಮೈನಸ್ 30, ಅದರ ಜೊತೆ ಪ್ಲೇಟ್‌ಲೆಗ್ಸ್ ಮೈನಸ್ 21. ಕೂಡಿಸಿ ಕಳೀರಿ, ಕೈಯಲ್ಲಿ ಸ್ಟಾಫ್ ಇಟ್ಕೊಂಡು ಮೈನಸ್ 41ರಲ್ಲಿ ನಿಂತಿರ್ತೀರ. ಆಮೇಲೆ ಸ್ಪೆಲ್ ತಾಗ್ತಾನೇ ಇಲ್ಲ, ಗೇಮ್ ಸರಿ ಇಲ್ಲ ಅಂತ ಗೊಣಗೋದು. ಡ್ರ್ಯಾಗನ್‌ಹೈಡ್ ಕೂಡ ಮೈನಸ್ಸೇ, ಕಬ್ಬಿಣದಷ್ಟಲ್ಲ ಅಷ್ಟೇ.

ಶುರೂಲಿ ನೀಲಿ ವಿಝರ್ಡ್ ಟೋಪಿ, ವಿಝರ್ಡ್ ಅಂಗಿ ಹಾಕಿ, ಟೋಪಿಗೆ ಪ್ಲಸ್ 2, ಅಂಗಿಗೆ ಪ್ಲಸ್ 3, ಚಿಲ್ಲರೆ ದುಡ್ಡಿಗೆ ಸಿಗತ್ತೆ. ಅದಕ್ಕಿಂತ ದೊಡ್ಡದು ಕುತ್ತಿಗೆಗೆ ಹಾಕೋ ಅಮ್ಯುಲೆಟ್ ಆಫ್ ಮ್ಯಾಜಿಕ್, ಅದೊಂದೇ ಪ್ಲಸ್ 10, ಅಂದ್ರೆ ಇನ್ನೊಂದು ಸ್ಟಾಫ್ ಹಿಡಿದಷ್ಟೇ ಲಾಭ. ಸಫೈರ್ ಅಮ್ಯುಲೆಟ್ ಇದ್ರೆ ಲೆವೆಲ್ 7ರಲ್ಲಿ ನೀವೇ ಎನ್‌ಚಾಂಟ್ ಮಾಡ್ಕೊಬಹುದು, ಒಂದು ಕಾಸ್ಮಿಕ್, ಒಂದು ವಾಟರ್ ರೂನ್ ಸಾಕು. ಮೈಮೇಲೆ ಕವಚ ಇಲ್ದೇ ಹೊಡೆತ ತಿನ್ನಲ್ವಾ ಅಂದ್ರೆ, ತಿನ್ನೋ ಜಾಗದಲ್ಲಿ ನಿಲ್ಲಲೇಬಾರದು. ಸಾದಾ ಸ್ಪೆಲ್‌ಗಳು 10 ಚೌಕ ದೂರದ ತನಕ ಹೋಗ್ತವೆ, ಬೇಲಿ, ಬಂಡೆ, ಮೇಜು ಯಾವ್ದಾದ್ರೂ ಅಡ್ಡ ಇಟ್ಕೊಂಡು ಸೇಫ್‌ಸ್ಪಾಟಲ್ಲಿ ನಿಂತು ಹೊಡೀರಿ. ವಿಝರ್ಡ್ಸ್ ಟವರ್ ಮೇಲಿನ ಮಹಡೀಲಿ ಪಂಜರದೊಳಗೆ ಒಂದು ಲೆಸ್ಸರ್ ಡೀಮನ್ ಇದೆ, ಅದು ಹೊರಗೆ ಬರಲ್ಲ, ನಿಮ್ಮ ಸ್ಪೆಲ್ ಒಳಗೆ ಹೋಗತ್ತೆ, ಫ್ರೀ ಅಕೌಂಟ್ ಇರೋರೆಲ್ಲ ಅಲ್ಲೇ ಠಿಕಾಣಿ.

ಮಾನ್ಸ್ಟರ್ ನೋಡಿ ಸ್ಟಾಫ್ ಬದಲಾಯಿಸಿ

2024ರ ಬದಲಾವಣೇಲೇ ಬಂದಿದ್ದು ಎಲಿಮೆಂಟ್ ವೀಕ್‌ನೆಸ್. ಕೆಲವು ಮಾನ್ಸ್ಟರ್‌ಗಳಿಗೆ ಒಂದೊಂದು ಎಲಿಮೆಂಟ್ ಆಗಲ್ಲ, ಅದನ್ನ ಹಾಕಿದ್ರೆ ತಾಗೋ ಚಾನ್ಸೂ ಏರತ್ತೆ, ಏಟೂ ಏರತ್ತೆ. ಐಸ್ ಜೈಂಟ್‌ಗೆ ಬೆಂಕಿ, ಮಾಸ್ ಜೈಂಟ್‌ಗೂ ಬೆಂಕಿ, ಫೈರ್ ಜೈಂಟ್‌ಗೆ ನೀರು, ಇವೆಲ್ಲ ಊಹೆ ಮಾಡೋ ಅಂತವೇ. ನಾಲ್ಕು ಸಾದಾ ಸ್ಟಾಫೂ ಬ್ಯಾಂಕಲ್ಲಿ ಇಟ್ಕೊಂಡಿರಿ ಅನ್ನೋದು ಇದಕ್ಕೇ, ನಾಲ್ಕೂ ಸೇರಿದ್ರೂ ದೊಡ್ಡ ಮೊತ್ತ ಆಗಲ್ಲ. ಏರ್ ಸ್ಟಾಫ್ ಹಿಡಿದು ವಿಂಡ್ ಹಾಕೋದು ಎಲ್ಲಾ ಕಡೆ ನಡೆಯೋ ಅಗ್ಗದ ದಾರಿ, ಆದ್ರೆ ಫೈರ್ ಜೈಂಟ್ ಮುಂದೆ ಹೋಗಿ ವಿಂಡ್ ಹಾಕ್ತಾ ಕೂರೋದು ಜಿಪುಣತನದಲ್ಲಿ ಟೈಮ್ ಕಳ್ಕೊಂಡಂಗೆ, ಅಲ್ಲಿ ವಾಟರ್ ಹಾಕಿ.

ಮತ್ತೆ ಸ್ಟಾಫ್ ಆಫ್ ಫೈರ್‌ಗೆ ಹೊಡೆದಾಟ ಬಿಟ್ಟು ಇನ್ನೊಂದು ಕೆಲಸ ಇದೆ. ಲೆವೆಲ್ 55ಕ್ಕೆ ಹೈ ಆಲ್ಕೆಮಿ ಬರತ್ತೆ, ಸಾಮಾನನ್ನ ಕಾಯಿನ್ಸ್ ಮಾಡೋ ಸ್ಪೆಲ್, ಅದಕ್ಕೆ 5 ಫೈರ್, 1 ನೇಚರ್ ರೂನ್. ಫೈರ್ ಸ್ಟಾಫ್ ಹಿಡಿದ್ರೆ ನೇಚರ್ ರೂನ್ ಒಂದೇ ಖರ್ಚು. ಏರ್ ಸ್ಟಾಫ್ ಟೆಲಿಪೋರ್ಟ್‌ಗೆ, ವ್ಯಾರಕ್, ಲಂಬ್ರಿಡ್ಜ್, ಫಾಲಡಾರ್ ಮೂರಕ್ಕೂ ತಲಾ 3 ಏರ್ ರೂನ್ ಬೇಕು. ಹಂಗಾಗಿ ಮುಂದೆ ಎಷ್ಟೇ ದೊಡ್ಡ ಸ್ಟಾಫ್ ಬಂದ್ರೂ ಇವೆರಡನ್ನ ಮಾರ್ಬೇಡಿ.

ಬ್ಯಾಟಲ್‌ಸ್ಟಾಫ್, ಮಿಸ್ಟಿಕ್ ಸ್ಟಾಫ್: ನಾನಾಗಿದ್ರೆ ಬಿಡ್ತೀನಿ

ಸಾದಾ ಸ್ಟಾಫ್ ಆದ್ಮೇಲೆ ಬ್ಯಾಟಲ್‌ಸ್ಟಾಫ್, ಅದಾದ್ಮೇಲೆ ಮಿಸ್ಟಿಕ್ ಅಂತ ಮೆಟ್ಟಿಲು ತರ ಕಾಣತ್ತೆ, ಎಲ್ಲರೂ ಹತ್ತೋಕೆ ಹೋಗ್ತಾರೆ. ಅಕ್ಯುರೆಸಿ ನೋಡಿ: ಸಾದಾಕ್ಕೆ 10, ಬ್ಯಾಟಲ್‌ಸ್ಟಾಫ್‌ಗೆ 12, ಮಿಸ್ಟಿಕ್‌ಗೆ 14. ಉಳಿಸೋ ರೂನ್ ಅದೇ, ಆಟೋಕಾಸ್ಟ್ ಅದೇ. ಆ ಎರಡು, ನಾಲ್ಕು ಪಾಯಿಂಟ್‌ಗೆ ಬ್ಯಾಟಲ್‌ಸ್ಟಾಫ್ 30 ಮ್ಯಾಜಿಕ್ ಜೊತೆ 30 ಅಟ್ಯಾಕ್ ಕೇಳತ್ತೆ, ಮಿಸ್ಟಿಕ್ 40, 40. ಮಿಸ್ಟಿಕ್ ಮಾಡಿಸ್ಕೊಳಕ್ಕೆ ಸ್ಕಾರ್ಪಿಯನ್ ಕ್ಯಾಚರ್ ಕ್ವೆಸ್ಟ್ ಮುಗಿಸಿ ಥಾರ್ಮ್ಯಾಕ್‌ಗೆ 40,000 ಕಾಯಿನ್ಸ್ ಕೊಡ್ಬೇಕು, ಇಲ್ಲಾ ರೆಡಿ ಇರೋದನ್ನ ಕೊಳ್ಬೇಕು.

ಇಲ್ಲೇ ನಾನು ಹೇಳ್ತೀನಿ ಅಂದಿದ್ದ ಅಟ್ಯಾಕ್ ಲೆವೆಲ್ ವಿಷ್ಯ. ಮ್ಯಾಜಿಕ್ ಮಾತ್ರ ಏರಿಸ್ತೀನಿ, ಕತ್ತಿ ಮುಟ್ಟಲ್ಲ ಅಂತ ಶಪಥ ಮಾಡಿರೋರು ಈ ಗೇಮಲ್ಲಿ ಮಧ್ಯದಲ್ಲಿ ಸಿಕ್ಕಾಕೊಳ್ತಾರೆ, ಯಾಕಂದ್ರೆ ಹಳೇ ಸ್ಟಾಫ್‌ಗಳಲ್ಲಿ ತುಂಬಾವು ಅಟ್ಯಾಕ್ ಕೇಳ್ತವೆ. ಇಬಾನ್ಸ್ ಸ್ಟಾಫ್‌ಗೆ 50, ಏನ್ಷಂಟ್ ಸ್ಟಾಫ್‌ಗೂ 50, ಅಹ್ರಿಮ್ಸ್ ಸ್ಟಾಫ್‌ಗೆ 70, ಸ್ಟಾಫ್ ಆಫ್ ದಿ ಡೆಡ್‌ಗೆ 75. ಟ್ರೈಡೆಂಟ್, ಸ್ಯಾಂಗ್ವಿನೆಸ್ಟಿ, ಶ್ಯಾಡೋ ಇವುಗಳಿಗೆ ಬೇಡ. ಪಿವಿಪಿ (ಬೇರೆ ಆಟಗಾರರ ಜೊತೆ ಹೊಡೆದಾಡೋ) ಅಕೌಂಟ್ ಕಟ್ಟೋರಿಗೆ ಬಿಟ್ಟು ಬೇರೆ ಯಾರಿಗೂ ಆ ಶಪಥ ಬೇಕಾಗಿಲ್ಲ, ಸುಮ್ನೆ 50 ಅಟ್ಯಾಕ್ ಮಾಡ್ಕೊಳಿ.

ಎರಡು ಎಲಿಮೆಂಟ್ ಒಟ್ಟಿಗೆ ಇರೋ ಬ್ಯಾಟಲ್‌ಸ್ಟಾಫ್‌ಗಳೂ ಇವೆ, ಲಾವಾ ಅಂದ್ರೆ ಬೆಂಕಿ ಮಣ್ಣು, ಸ್ಮೋಕ್ ಅಂದ್ರೆ ಗಾಳಿ ಬೆಂಕಿ, ಮಿಸ್ಟ್ ಅಂದ್ರೆ ಗಾಳಿ ನೀರು. ಸ್ಮೋಕ್ ಇದ್ರೆ ಫೈರ್ ಬೋಲ್ಟ್‌ಗೆ ಕೇಯಾಸ್ ರೂನ್ ಒಂದೇ ಸಾಕು. ಚೆನ್ನಾಗಿವೆ, ತಪ್ಪಿ ಡ್ರಾಪ್ ಸಿಕ್ರೆ ಇಟ್ಕೊಳಿ, ಅದನ್ನೇ ಹುಡ್ಕೊಂಡು ಹೋಗೋ ಹಂತ ಇದಲ್ಲ.

ಲೆವೆಲ್ 50: ಇಬಾನ್ಸ್ ಸ್ಟಾಫ್

ಬ್ಯಾಟಲ್‌ಸ್ಟಾಫ್‌ನಿಂದ ಹಿಡಿದು ಮುಂದಿನ ಸ್ಟಾಫ್‌ಗಳಿಗೆಲ್ಲ ಮೆಂಬರ್‌ಶಿಪ್, ಅಂದ್ರೆ ದುಡ್ಡು ಕಟ್ಟಿದ ಅಕೌಂಟ್ ಬೇಕು. ಮಧ್ಯದ ಲೆವೆಲ್‌ಗಳಲ್ಲಿ ಒಂದೇ ಒಂದು ಸ್ಟಾಫ್ ತಗೊಳಿ ಅಂದ್ರೆ ನಾನು ಕಣ್ಮುಚ್ಚಿ ಹೇಳೋದು ಇದೇ. 50 ಮ್ಯಾಜಿಕ್‌ನಲ್ಲಿ ನಿಮ್ಮ ಹತ್ರ ಇರೋ ಸಾದಾ ಸ್ಪೆಲ್‌ಗಳು ಜಾಸ್ತಿ ಅಂದ್ರೆ 14 ಹೊಡೀತವೆ. ಈ ಸ್ಟಾಫ್ ಹಿಡಿದು ಹಾಕೋ ಇಬಾನ್ ಬ್ಲಾಸ್ಟ್ ಸ್ಪೆಲ್ 25 ಹೊಡೆಯತ್ತೆ. ಸಾದಾ ದಾರೀಲಿ ಲೆವೆಲ್ 95ರ ಫೈರ್ ಸರ್ಜ್ ಹೊಡೆಯೋದೇ 24, ಹಂಗಾದ್ರೆ ಇದು ಯಾವ ಮಟ್ಟದ್ದು ಅಂತ ಯೋಚ್ನೆ ಮಾಡಿ. ಒಂದು ಏಟಿಗೆ 5 ಫೈರ್, 1 ಡೆತ್ ರೂನ್.

ಕೊಳ್ಳೋಕೆ ಸಿಗಲ್ಲ, ಅಂಡರ್‌ಗ್ರೌಂಡ್ ಪಾಸ್ ಕ್ವೆಸ್ಟ್ ಮಾಡಿದ್ರೇನೇ ಸಿಗೋದು. ಅದಕ್ಕೆ ಮುಂಚೆ ಪ್ಲೇಗ್ ಸಿಟಿ, ಬಯೋಹಝರ್ಡ್ ಎರಡೂ ಮುಗಿಸಿರ್ಬೇಕು, 25 ರೇಂಜ್ಡ್ ಇರ್ಬೇಕು, ಯಾಕಂದ್ರೆ ಒಳಗೆ ಬೆಂಕಿ ಬಾಣ ಬಿಟ್ಟು ಸೇತುವೆ ಹಗ್ಗ ಸುಡೋದಿದೆ, ಬಿಲ್ಲು ಮರೆತು ಹೋದ್ರೆ ವಾಪಸ್ಸೇ. ಕ್ವೆಸ್ಟ್ ಉದ್ದ, ಜಾರಿ ಬೀಳೋ ಜಾಗಗಳು ಜಾಸ್ತಿ, ಬಿದ್ರೆ ಮತ್ತೆ ಹಿಂದಿಂದ ನಡ್ಕೊಂಡು ಬರ್ಬೇಕು, ಬೈಕೊಂಡೇ ಮುಗಿಸೋ ಕ್ವೆಸ್ಟ್ ಇದು. ಊಟ ಜಾಸ್ತಿ ತಗೊಂಡು ಹೋಗಿ, ಒಂದು ಭಾನುವಾರ ಮಧ್ಯಾಹ್ನ ಎತ್ತಿಡಿ. ಮುಗಿಸಿದ್ರೆ 3,000 ಅಟ್ಯಾಕ್ ಎಕ್ಸ್‌ಪಿ ಕೂಡ ಬರತ್ತೆ, 50 ಅಟ್ಯಾಕ್ ಕಡೆಗೆ ಅದೂ ಒಂದು ಚೂರು.

ಸ್ಟಾಫ್ ಸಿಕ್ಕಿದ ಮೇಲೆ ಒಂದು ಕೆಲಸ ಬಾಕಿ ಇದೆ. ಬರೋ ಸ್ಟಾಫ್ 120 ಚಾರ್ಜ್ ಮಾತ್ರ ಹಿಡಿಯತ್ತೆ. ಸ್ಪೆಲ್ ಒಂದಕ್ಕೆ 5 ಟಿಕ್, ಅಂದ್ರೆ 3 ಸೆಕೆಂಡ್, ನಿಮಿಷಕ್ಕೆ 20 ಸಲ, ಲೆಕ್ಕ ಹಾಕಿದ್ರೆ 120 ಚಾರ್ಜ್ ಆರೇ ನಿಮಿಷಕ್ಕೆ ಖಾಲಿ. ಖಾಲಿ ಆದ್ರೆ ಚಾರ್ಜ್ ಮಾಡೋಕೆ ಮತ್ತೆ ಆ ಸುರಂಗದ ಒಳಗೇ ಇಳೀಬೇಕು, ಯಾರಿಗೆ ಬೇಕು. ವೆಸ್ಟ್ ಆರ್ಡೌನ್‌ನಲ್ಲಿ ಡಾರ್ಕ್ ಮೇಜ್ ಅಂತ ಒಬ್ಬ ಇದ್ದಾನೆ, 200,000 ಕಾಯಿನ್ಸ್ ಕೊಟ್ರೆ 2,500 ಚಾರ್ಜ್ ಹಿಡಿಯೋ ಹಂಗೆ ಮಾಡ್ಕೊಡ್ತಾನೆ, ಅಂದ್ರೆ ಎರಡು ಗಂಟೆ ಮೇಲೆ ಐದು ನಿಮಿಷ ಎಡಬಿಡದೆ ಹೊಡೆಯೋಷ್ಟು. ಆ ದುಡ್ಡು ಕೂಡಿಡದೆ ಕ್ವೆಸ್ಟ್ ಮುಗಿಸಿ ಬಂದ್ರೆ ಅಲ್ಲಿ ತನಕ ಸ್ಟಾಫ್ ಬ್ಯಾಂಕಲ್ಲಿ ಮಲಗಿರತ್ತೆ.

ಎಡಗೈ ಖಾಲಿ ಬಿಡ್ಬೇಡಿ. ಇಬಾನ್ಸ್ ಸ್ಟಾಫ್ ಒಂದೇ ಕೈಯಲ್ಲಿ ಹಿಡಿಯೋದು, ಇನ್ನೊಂದು ಕೈಯಲ್ಲಿ ಟೋಮ್ ಆಫ್ ಫೈರ್ ಇಟ್ರೆ ಅದರಲ್ಲಿ ಪುಟಗಳು ಇರೋ ತನಕ ಫೈರ್ ರೂನ್ ಬೇಕಾಗಲ್ಲ, ಡೆತ್ ರೂನ್ ಒಂದೇ ಹೊತ್ಕೊಂಡು ಹೋದ್ರೆ ಸಾಕು. ಟೋಮ್ ವಿಂಟರ್‌ಟಾಟ್ ಅನ್ನೋ ಬಾಸ್‌ನಿಂದ ಬರತ್ತೆ, ಹಿಡಿಯೋಕೆ 50 ಮ್ಯಾಜಿಕ್, ಫೈರ್ ಸ್ಪೆಲ್‌ಗಳಿಗೆ ಡ್ಯಾಮೇಜೂ ಸ್ವಲ್ಪ ಏರಿಸತ್ತೆ. ಮುಂಚೆ 50 ಪರ್ಸೆಂಟ್ ಏರಿಸ್ತಿತ್ತು, ಈಗ 10ಕ್ಕೆ ಇಳಿಸಿದ್ದಾರೆ, ಹಳೇ ವಿಡಿಯೋ ನಂಬಿ ಆಸೆ ಪಡ್ಬೇಡಿ. ಡ್ರ್ಯಾಗನ್ ಹೊಡೆಯೋಕೆ ಹೋಗೋವಾಗ ಮಾತ್ರ ಟೋಮ್ ಬಿಟ್ಟು ಆಂಟಿ ಡ್ರ್ಯಾಗನ್ ಶೀಲ್ಡ್ ಹಿಡೀರಿ.

ಅಂಡರ್‌ಗ್ರೌಂಡ್ ಪಾಸ್ ಬೇಡ್ವೇ ಬೇಡ ಅನ್ನೋರಿಗೆ ಎರಡು ಪರ್ಯಾಯ ಹೇಳ್ತೀನಿ. ಒಂದು, ಫ್ಯಾಮಿಲಿ ಕ್ರೆಸ್ಟ್ ಕ್ವೆಸ್ಟ್‌ನಲ್ಲಿ ಸಿಗೋ ಕೇಯಾಸ್ ಗಾಂಟ್ಲೆಟ್ಸ್, ಬೋಲ್ಟ್ ಸ್ಪೆಲ್‌ಗಳಿಗೆಲ್ಲ 3 ಸೇರ್ಸತ್ತೆ, 12 ಹೊಡೆಯೋದು 15 ಆಗತ್ತೆ, ಅದೂ ಡೆತ್ ರೂನ್ ಮುಟ್ಟದೆ. ಇನ್ನೊಂದು ವಾರ್ಪ್ಡ್ ಸೆಪ್ಟರ್, 62 ಮ್ಯಾಜಿಕ್, ಅಟ್ಯಾಕ್ ಕೇಳಲ್ಲ, ಒಂದು ಏಟಿಗೆ 2 ಕೇಯಾಸ್, 5 ಅರ್ಥ್ ರೂನ್. 62ರಲ್ಲಿ 16 ಹೊಡೆಯತ್ತೆ, ಪರ್ವಾಗಿಲ್ಲ, ಇಬಾನ್ ಮುಂದೆ ಸಪ್ಪೆ.

ಲೆವೆಲ್ 75: ಟ್ರೈಡೆಂಟ್ ತಗೊಳೋ ಮುಂಚೆ ಈ ಲೆಕ್ಕ ನೋಡಿ

ಟ್ರೈಡೆಂಟ್ ಆಫ್ ದಿ ಸೀಸ್ ಬೇರೆ ಜಾತಿ. ಇದಕ್ಕೆ ಸ್ಪೆಲ್‌ಬುಕ್ ಬೇಡ, ತನ್ನದೇ ಸ್ಪೆಲ್ ಒಳಗೇ ಇರತ್ತೆ, ಮುಂಚೇನೇ ರೂನ್ ತುಂಬ್ಸಿಟ್ರೆ ಹೊಡೀತಾ ಹೋಗತ್ತೆ. ಏಟು ನಿಮ್ಮ ಮ್ಯಾಜಿಕ್ ಲೆವೆಲ್ ಮೇಲೆ ಏರತ್ತೆ, ಲೆವೆಲ್‌ನ ಮೂರರಿಂದ ಭಾಗಿಸಿ 5 ಕಳೀರಿ, 75ರಲ್ಲಿ 20, 99ರಲ್ಲಿ 28. ವೇಗ 4 ಟಿಕ್, ಅಂದ್ರೆ 2.4 ಸೆಕೆಂಡ್, ನಿಮಿಷಕ್ಕೆ 25 ಏಟು.

ಈಗ ಇಬಾನ್ ಪಕ್ಕದಲ್ಲಿಟ್ಟು ನೋಡಿ. ಎಲ್ಲಾ ಏಟೂ ತಾಗ್ತವೆ ಅಂತಾನೇ ಇಟ್ಕೊಂಡ್ರೆ ಸರಾಸರಿ ಏಟು ಮ್ಯಾಕ್ಸ್‌ನ ಅರ್ಧ. ಇಬಾನ್: 12.5 ಗುಣಿಸು 20, ನಿಮಿಷಕ್ಕೆ 250. ಟ್ರೈಡೆಂಟ್, ಲೆವೆಲ್ 75ರಲ್ಲಿ: 10 ಗುಣಿಸು 25, ಅದೂ 250. ಸರಿಸಮ! ಟ್ರೈಡೆಂಟ್‌ಗೆ ಅಕ್ಯುರೆಸಿ 15, ಇಬಾನ್‌ಗೆ 10, ಅಷ್ಟೇ ವ್ಯತ್ಯಾಸ. ಎಕ್ಸ್‌ಪಿ ಲೆಕ್ಕದಲ್ಲಂತೂ ಇಬಾನೇ ಮುಂದೆ, ಅದು ಹಾಕಿದ್ದಕ್ಕೇ 30 ಎಕ್ಸ್‌ಪಿ ಕೊಟ್ಟು ಮೇಲೆ ಡ್ಯಾಮೇಜ್‌ಗೆ ಎರಡೆರಡು ಕೊಡತ್ತೆ, ಟ್ರೈಡೆಂಟ್ ಡ್ಯಾಮೇಜ್‌ಗೆ ಮಾತ್ರ ಕೊಡೋದು, ತಾಗ್ಲಿಲ್ಲ ಅಂದ್ರೆ ಸೊನ್ನೆ. ಹಂಗಾಗಿ 75 ಆದ ದಿನವೇ ಇಬಾನ್ ಬಿಸಾಕಿ ಟ್ರೈಡೆಂಟ್‌ಗೆ ಓಡೋ ಅವಸರ ಏನೂ ಇಲ್ಲ, 80, 85 ದಾಟಿದ ಮೇಲೆ ಟ್ರೈಡೆಂಟ್ ನಿಧಾನವಾಗಿ ಮುಂದೆ ಹೋಗತ್ತೆ, 99ರಲ್ಲಿ ನಿಮಿಷಕ್ಕೆ 350. ಅದೇ ಇಬಾನ್ ಇಲ್ದೇ ಫೈರ್ ವೇವ್ ಹಾಕ್ತಿರೋರಾದ್ರೆ ತಕ್ಷಣ ಬದಲಾಯಿಸಿ, ಅದು 75ರಲ್ಲಿ 20 ಹೊಡೆದ್ರೂ 5 ಟಿಕ್, ನಿಮಿಷಕ್ಕೆ 200 ಮಾತ್ರ, ಮೇಲೆ ಒಂದೊಂದು ಏಟಿಗೂ ಒಂದು ಬ್ಲಡ್ ರೂನ್ ಹೋಗತ್ತೆ.

ತುಂಬ್ಸೋ ಖರ್ಚು ಒಂದು ಚಾರ್ಜ್‌ಗೆ 1 ಡೆತ್, 1 ಕೇಯಾಸ್, 5 ಫೈರ್ ರೂನ್, 10 ಕಾಯಿನ್ಸ್. ಪೂರ್ತಿ 2,500 ತುಂಬ್ಸೋಕೆ ಹೋದ್ರೆ 2,500 ಡೆತ್, ಅಷ್ಟೇ ಕೇಯಾಸ್, 12,500 ಫೈರ್, 25,000 ಕಾಯಿನ್ಸ್, ಅದು ಓಡೋದು ಒಂದು ಗಂಟೆ ನಲ್ವತ್ತು ನಿಮಿಷ. ಬೈಕ್ ತಗೊಳೋವಾಗ ಶೋರೂಮ್ ರೇಟ್ ಜೊತೆ ಮೈಲೇಜೂ ಕೇಳ್ತೀವಲ್ಲ, ಇಲ್ಲೂ ಅದನ್ನೇ ಕೇಳಿ. ಕೈಯಲ್ಲಿರೋ ದುಡ್ಡೆಲ್ಲ ಟ್ರೈಡೆಂಟ್‌ಗೆ ಹಾಕ್ಬೇಡಿ, ಎರಡು ಸಲ ತುಂಬ್ಸೋಷ್ಟು ಉಳಿಸ್ಕೊಂಡು ಮಿಕ್ಕಿದ್ರಲ್ಲಿ ತಗೊಳಿ.

ನೀವೇ ಗಳಿಸ್ತೀನಿ ಅಂದ್ರೆ ಕೇವ್ ಕ್ರಾಕನ್ ಹೊಡೀಬೇಕು, ಅದಕ್ಕೆ ಸ್ಲೇಯರ್ ಅನ್ನೋ ಸ್ಕಿಲ್ 87 ಬೇಕು, ಹೆಚ್ಚಿನ ಜನ ಅಲ್ಲಿಗೆ ಹೋಗೋ ಮುಂಚೆ ಎಕ್ಸ್‌ಚೇಂಜ್‌ನಲ್ಲೇ ಕೊಂಡಿರ್ತಾರೆ. ಇದಕ್ಕೆ ಜ಼ುಲ್ರಾ ಅನ್ನೋ ಬಾಸ್ ಕೊಡೋ ಮ್ಯಾಜಿಕ್ ಫ್ಯಾಂಗ್ ಸೇರಿಸಿದ್ರೆ ಟ್ರೈಡೆಂಟ್ ಆಫ್ ದಿ ಸ್ವಾಂಪ್ ಆಗತ್ತೆ, 78 ಮ್ಯಾಜಿಕ್, ಅಕ್ಯುರೆಸಿ 25, ಏಟು ಸೀಸ್‌ಗಿಂತ ಮೂರು ಜಾಸ್ತಿ, 99ರಲ್ಲಿ 31. ಕಾಯಿನ್ಸ್ ಬದಲು ಚಾರ್ಜ್‌ಗೊಂದು ಜ಼ುಲ್ರಾ ಸ್ಕೇಲ್ ತಿನ್ನತ್ತೆ. ಎರಡರಲ್ಲಿ ಒಂದೇ ತಗೊಳೋ ದುಡ್ಡಿದ್ರೆ ಸ್ವಲ್ಪ ಕಾದು ಸ್ವಾಂಪೇ ತಗೊಳಿ. ಕುತ್ತಿಗೆಗೆ ಆಕಲ್ಟ್ ನೆಕ್ಲೇಸ್, 70 ಮ್ಯಾಜಿಕ್, 5 ಪರ್ಸೆಂಟ್ ಡ್ಯಾಮೇಜ್.

ಗುಂಪಾಗಿ ಹೊಡೆಯೋದಾದ್ರೆ ದಾರಿ ಬೇರೆ

ಟ್ರೈಡೆಂಟ್ ಒಂದ್ಸಲಕ್ಕೆ ಒಂದೇ ಮಾನ್ಸ್ಟರ್‌ಗೆ. ಸ್ಲೇಯರ್ ಟಾಸ್ಕಲ್ಲಿ ಡಸ್ಟ್ ಡೆವಿಲ್ ತರದವನ್ನ ಒಂದು ಕಡೆ ಗುಡ್ಡೆ ಹಾಕಿ ಎಲ್ಲಕ್ಕೂ ಒಟ್ಟಿಗೆ ಹೊಡೆಯೋಕೆ ಏನ್ಷಂಟ್ ಮ್ಯಾಜಿಕ್ಸ್ ಅನ್ನೋ ಇನ್ನೊಂದು ಸ್ಪೆಲ್‌ಬುಕ್ ಬೇಕು, ಡೆಸರ್ಟ್ ಟ್ರೆಷರ್ ಮೊದಲನೇ ಭಾಗ ಮುಗಿಸಿದ್ರೆ ಬರತ್ತೆ. 70ಕ್ಕೆ ಐಸ್ ಬರ್ಸ್ಟ್, 94ಕ್ಕೆ ಐಸ್ ಬರಾಜ್, ಮೂರು ಗುಣಿಸು ಮೂರು ಚೌಕದಲ್ಲಿರೋವನ್ನೆಲ್ಲ ಹೊಡೆದು ಜಾಗದಲ್ಲೇ ಹೆಪ್ಪುಗಟ್ಸತ್ತೆ.

ಬರಾಜ್‌ಗೆ 6 ವಾಟರ್, 4 ಡೆತ್, 2 ಬ್ಲಡ್ ರೂನ್. ವಾಟರ್ ಆರು ಇದೆ ಅಂತ ಮಿಸ್ಟಿಕ್ ವಾಟರ್ ಸ್ಟಾಫ್ ತಗೊಂಡು ಬರೋರು ಇದ್ದಾರೆ, ಅದು ಏನ್ಷಂಟ್ ಸ್ಪೆಲ್‌ನ ಆಟೋಕಾಸ್ಟ್ ಮಾಡಲ್ಲ, ಪ್ರತಿ ಸಲ ಕೈಯಲ್ಲೇ ಒತ್ತಬೇಕು. ಪೀಸೀಲಿ ಕೆಲವರು ಹಂಗೂ ಆಡ್ತಾರೆ, ಫೋನಲ್ಲಿ ಆಡೋರು ಏನ್ಷಂಟ್ ಸ್ಟಾಫ್ ತಗೊಂಡು ವಾಟರ್ ರೂನ್ ಜೇಬಲ್ಲಿಟ್ಕೊಳಿ, ಅಗ್ಗದ ರೂನ್ ಅದು, ದುಬಾರಿ ಇರೋದು ಡೆತ್, ಬ್ಲಡ್. ದುಡ್ಡಿರೋರಿಗೆ ಕೋಡೈ ವಾಂಡ್, ವಾಟರ್ ಪೂರ್ತಿ ಫ್ರೀ, 15 ಪರ್ಸೆಂಟ್ ಡ್ಯಾಮೇಜ್, ಆಟೋಕಾಸ್ಟೂ ಮಾಡತ್ತೆ, ಮೇಲೆ ಆಗಾಗ ಬೇರೆ ರೂನೂ ಉಳಿಸತ್ತೆ. ಬರಾಜ್ 30 ಹೊಡೆಯೋದು 34 ಆಗತ್ತೆ. ಇದು ಚೇಂಬರ್ಸ್ ಆಫ್ ಜ಼ೆರಿಕ್ ರೇಡಿಂದ ಬರೋ ವಸ್ತು, ರೇಟೂ ಹಂಗೇ ಇರತ್ತೆ.

ಮೇಲಿನವು

ಸ್ಯಾಂಗ್ವಿನೆಸ್ಟಿ ಸ್ಟಾಫ್ 82 ಮ್ಯಾಜಿಕ್, ಥಿಯೇಟರ್ ಆಫ್ ಬ್ಲಡ್‌ದು, ಸ್ವಾಂಪ್‌ಗಿಂತ ಏಟು ಒಂದೇ ಪಾಯಿಂಟ್ ಜಾಸ್ತಿ, ಆದ್ರೆ ಆರಕ್ಕೊಂದು ಸಲ ಹೊಡೆದಿದ್ದರ ಅರ್ಧ ನಿಮಗೆ ಹೆಲ್ತ್ ಆಗಿ ವಾಪಸ್ ಬರತ್ತೆ, ಅದು ಬ್ಲಡ್ ರೂನ್ ತಿನ್ನತ್ತೆ. ಉದ್ದದ ಬಾಸ್ ಫೈಟ್‌ಗಳಲ್ಲಿ ಊಟ ಉಳಿಯತ್ತೆ ಅನ್ನೋದೇ ಅದರ ಬೆಲೆ.

ಟುಮೇಕನ್ಸ್ ಶ್ಯಾಡೋ 2022ರಲ್ಲಿ ಟೂಂಬ್ಸ್ ಆಫ್ ಅಮಾಸ್ಕಟ್ ಜೊತೆ ಬಂತು, 85 ಮ್ಯಾಜಿಕ್, ಎರಡೂ ಕೈ ಬೇಕು, 5 ಟಿಕ್. ಇದರ ಮಜಾ ಏನಂದ್ರೆ ಮೈಮೇಲಿರೋ ಮ್ಯಾಜಿಕ್ ಅಟ್ಯಾಕ್, ಮ್ಯಾಜಿಕ್ ಡ್ಯಾಮೇಜ್ ಬೋನಸ್‌ಗಳನ್ನ ಮೂರು ಪಟ್ಟು ಮಾಡತ್ತೆ, ಆಕಲ್ಟ್‌ನ 5 ಪರ್ಸೆಂಟ್ 15 ಆಗತ್ತೆ, ಹಂಗೇ ಬಾಕಿ ಎಲ್ಲಾನೂ. ಮೈಮೇಲೆ ಒಳ್ಳೇ ಬಟ್ಟೆ ಇಲ್ಲ ಅಂದ್ರೆ ಮೂರು ಪಟ್ಟು ಮಾಡೋಕೆ ಏನೂ ಇರಲ್ಲ. ಎಲ್ಲಾ ಮಾರಿ ಶ್ಯಾಡೋ ಕೊಂಡು ವಿಝರ್ಡ್ ಅಂಗೀಲಿ ಬಾಸ್ ಮುಂದೆ ನಿಂತ್ರೆ ಸ್ವಾಂಪ್ ಹಿಡಿದು ಪಕ್ಕದಲ್ಲಿ ನಿಂತಿರೋನಿಗಿಂತ ಅಂತ ದೊಡ್ಡದೇನೂ ಹೊಡೆಯಲ್ಲ. ಮೊದಲು ಬಟ್ಟೆ, ಆಮೇಲೆ ಶ್ಯಾಡೋ.

ಇವುಗಳಲ್ಲಿ ಯಾವುದನ್ನೂ ವೈಲ್ಡರ್‌ನೆಸ್‌ಗೆ (ಬೇರೆ ಆಟಗಾರರು ನಿಮ್ಮ ಮೇಲೆ ಬೀಳೋ ಜಾಗ) ತಗೊಂಡು ಹೋಗ್ಬೇಡಿ, ಅಲ್ಲಿಗೆ ಕಳ್ಕೊಂಡ್ರೂ ಬೇಜಾರಾಗದ ಸಾದಾ ಸ್ಟಾಫು, ಬೇಕಾದಷ್ಟೇ ರೂನು ಸಾಕು. ಮತ್ತೆ ಇಬಾನ್ ಆಗ್ಲಿ ಟ್ರೈಡೆಂಟ್ ಆಗ್ಲಿ, ಬಾಸ್ ರೂಮಿಗೆ ಕಾಲಿಡೋ ಮುಂಚೆ ಪೀಸೀಲಿ ರೈಟ್ ಕ್ಲಿಕ್, ಫೋನಲ್ಲಿ ಒತ್ತಿ ಹಿಡಿದು ಚೆಕ್ ಅನ್ನೋದನ್ನ ಆರಿಸಿದ್ರೆ ಎಷ್ಟು ಚಾರ್ಜ್ ಉಳಿದಿದೆ ಅಂತ ಹೇಳತ್ತೆ, 200ಕ್ಕಿಂತ ಕಮ್ಮಿ ಇದ್ರೆ ಟ್ರೈಡೆಂಟಾದ್ರೆ ಬ್ಯಾಂಕಲ್ಲೇ ತುಂಬ್ಸಿ, ಇಬಾನಾದ್ರೆ ಅವತ್ತಿಗೆ ಬಾಸ್ ಬಿಟ್ಟು ಸುರಂಗದ ಕಡೆ ಹೊರಡಿ.